ತಾಳ ಬೀಳಬಾರದು

ಬಿಣಗಾ ದಾಟಿ ಬಸ್ಸು ಸುರಂಗದೊಳಗೆ ನುಗ್ಗಿದ ಕೂಡಲೇ ಪುಂಡಲೀಕನಿಗೆ ಹಾಯೆನಿಸಿತು. ಅಂಕೋಲೆಯಿಂದ ಒಂದೇ ಸಮನೆ ಮಾತಾಡಿಕೊಂಡು ಬಂದಿದ್ದ ಮುಂದಿನ ಸೀಟಿನ ಹೆಂಗಸರಿಬ್ಬರು ಗದ್ದಲಕ್ಕೆ ಸೋತು ಬಾಯಿ ಮುಚ್ಚಿಕೊಂಡರು. ಬಾಗಿಲ ಹತ್ತಿರ ನಿಂತವನೊಬ್ಬ ಫೋನಿಗೆ ಒಂದಷ್ಟು ತುಟಿ ಆಡಿಸಿ ನೋಡಿ, ಪ್ರಯೋಜನವಿಲ್ಲವೆಂದು ಕಿಸೆಗೆ ಹಾಕಿದ. ಕಂಡಕ್ಟರನೂ ಕೈಸನ್ನೆಗೆ ಇಳಿದ. ಇಲ್ಲಿ ಯಾರಿಗೂ ಏನೂ ಕೇಳುವುದಿಲ್ಲ, ಎಲ್ಲರೂ ಸಮ, ಇಷ್ಟು ನ್ಯಾಯ ಬೇರೆಲ್ಲಿ ಸಿಕ್ಕೀತು ಎಂದುಕೊಂಡ. ಅಂಕೋಲೆ ಪೇಟೆಯ ಹಿಂದಿನ ಓಣಿಯ ಅವನ ಹಿಟ್ಟಿನ ಗಿರಣಿಯಲ್ಲೂ ಇದೇ ನ್ಯಾಯ. ಪಟ್ಟಾ ತಿರುಗತೊಡಗಿದರೆ ಅಕ್ಕಿ ತಂದವರು ಕೂಗಬೇಕು, ದಪ್ಪಕ್ಕೋ ಸಣ್ಣಕ್ಕೋ ಎಂದು ಬೆರಳಲ್ಲಿ ತೋರಿಸಬೇಕು, ಅವನು ಅವರ ತುಟಿ ನೋಡಿ ಗೋಣು ಹಾಕಬೇಕು. ಹಾಗಾಗಿ ಅವನ ಕಿವಿ ಮಂದವಾಗತೊಡಗಿದ್ದು ಊರಿಗೆ ಗೊತ್ತಾಗಲಿಲ್ಲ. ಅವನಿಗೂ ಬೇಗ ಗೊತ್ತಾಗಲಿಲ್ಲ. ಮೊದಲು ಹೋದದ್ದು ಕುಕ್ಕರಿನ ಸೀಟಿ. ಆಮೇಲೆ ಸೊಳ್ಳೆ. ಸೊಳ್ಳೆ ಕಾಟ ತಪ್ಪಿತಲ್ಲ ಎಂದು ಸಂತೋಷಪಟ್ಟಿದ್ದ, ಹುಚ್ಚ. ಆಮೇಲೆ ಬೆಳಗಿನ ಹಕ್ಕಿ, ಫೋನಿನ ಗಂಟೆ, ಮಕ್ಕಳ ಮಾತು. ದಪ್ಪದ್ದೆಲ್ಲ ಉಳಿದಿದೆ, ಲಾರಿ, ಡೋಲು, ಗಂಡಸರ ಗಂಟಲು, ಸಮುದ್ರ. ಸಣ್ಣದೆಲ್ಲ ಜರಡಿಯಲ್ಲಿ ಇಳಿದ ಹಾಗೆ ಇಳಿದುಹೋಗಿದೆ.

ಸುರಂಗ ಮುಗಿದು ಕಣ್ಣಿಗೆ ಬೆಳಕು ಹೊಡೆಯಿತು. ಹೆಂಗಸರು ಬಿಟ್ಟಲ್ಲಿಂದಲೇ ಶುರು ಮಾಡಿಕೊಂಡರು. ಅವರ ಮಾತು ಅವನಿಗೆ ಗೋಡೆಯಾಚೆ ಯಾರೋ ಕೆಮ್ಮಿದಷ್ಟು ಕೇಳಿತು. ಮಗಳು ರೂಪಾಲಿಯ ದನಿ ಇವರಿಗಿಂತ ಸಣ್ಣ, ಅವಳ ಅಜ್ಜಿಯ ದನಿಯೇ. ಇವತ್ತು ಅದು ಕೇಳುತ್ತದೋ ಇಲ್ಲವೋ, ಅದೊಂದನ್ನು ನೋಡಲಿಕ್ಕೆಂದೇ ಅವನು ಗಿರಣಿಯನ್ನು ಹೆಂಡತಿ ಚಂಪಾಳಿಗೆ ಒಪ್ಪಿಸಿ, ಇಸ್ತ್ರಿ ಅಂಗಿ ಹಾಕಿಕೊಂಡು ಹೊರಟಿದ್ದ. ನೋಡುವುದಂತೆ, ಕೇಳುತ್ತದೋ ಅಂತ! ಅವನಿಗೇ ನಗು ಬಂತು. ಹೊರಡುವಾಗ ಚಂಪಾ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು, "ಮಗಳದ್ದು ಕಿವಿ ತುಂಬ ಕೇಳ್ಕೊಂಡು ಬನ್ನಿ. ಅರ್ಧಕ್ಕೆ ಎದ್ದು ಬರೂದು ಬ್ಯಾಡ," ಎಂದಿದ್ದಳು. ಅವಳು ಕಿವಿಯ ವಿಷಯ ಗೊತ್ತಿದ್ದು ಹೇಳಿದಳೋ ಸುಮ್ಮನೆ ಹೇಳಿದಳೋ ಎಂದು ಅವನು ಬಸ್ಸು ಅವರ್ಸಾ ದಾಟುವವರೆಗೂ ತಲೆ ಕೆಡಿಸಿಕೊಂಡಿದ್ದ. ಟೀವಿ ಜೋರಾಯಿತು ಅಂತ ದಿನಾ ಬೈಯುವವಳಿಗೆ ಗೊತ್ತಿಲ್ಲದೆ ಇರುತ್ತದೆಯೇ. ಆದರೆ ಗೊತ್ತಿದ್ದರೆ ಅವಳು ಸುಮ್ಮನಿರುವವಳಲ್ಲ, ಅದೂ ನಿಜ.

ರೂಪಾಲಿ ಮತ್ತು ಅವಳ ಜೊತೆಯ ಇಬ್ಬರು, ಸೂರಜ್ ಮತ್ತು ಅಮಿತಾ, ಕಟ್ಟಿಕೊಂಡ ಮೇಳದ ಹೆಸರು ಖಾರ್‌ಲ್ಯಾಂಡ್. ಗದ್ದೆಗೆ ಉಪ್ಪುನೀರು ನುಗ್ಗದ ಹಾಗೆ ಕಟ್ಟಿದ ಒಡ್ಡಿನ ಮೇಲೆ ಸರ್ಕಾರದ ಬೋರ್ಡಿನಲ್ಲಿರುತ್ತದಲ್ಲ, ಅದೇ ಹೆಸರು. ಗದ್ದೆ ಬೋರ್ಡು ನೋಡಿ ಯಾರಾದರೂ ಹಾಡಿನ ಮೇಳಕ್ಕೆ ಹೆಸರಿಡುತ್ತಾರೆಯೇ ಎಂದು ಅವನು ಕೇಳಿದ್ದಕ್ಕೆ, "ಮತ್ತೆ ಎಲ್ಲಾರೂ ದೇವರ ಹೆಸರೇ ಇಟ್ಕೊಳ್ಳೂದಾ?" ಎಂದಿದ್ದಳು. ತಬಲಾ ಇಲ್ಲ, ಹಾರ್ಮೋನಿಯಂ ಇಲ್ಲ, ಮೂರು ಮೇಜು, ಮೇಜಿನ ಮೇಲೆ ತಿರುಗಿಸುವ ಗುಬುಟುಗಳ ಪೆಟ್ಟಿಗೆ, ಒಂದು ಕಂಪ್ಯೂಟರು. ಆದರೆ ಗೋವಾದಲ್ಲಿ ಕರೆದರು, ಬೆಳಗಾವಿಯಲ್ಲಿ ಕರೆದರು, ಪೇಪರಿನಲ್ಲಿ ಫೋಟೋ ಬಂತು. ಗಿರಣಿಗೆ ಬರುವ ಹುಡುಗಿಯರು ಈಗ, "ರೂಪಾಲಿ ಅಪ್ಪ ಅಲ್ದ ನೀವು?" ಎಂದು ಕೇಳುತ್ತಾರೆ, ಅದನ್ನು ಅವನು ತುಟಿಯಲ್ಲಿ ಓದಿ ಹಿಗ್ಗುತ್ತಾನೆ. ಮೊದಮೊದಲು ಅವಳು ಪ್ರತಿ ಹಾಡನ್ನೂ ಅವನ ಫೋನಿಗೆ ಕಳಿಸುತ್ತಿದ್ದಳು. ಅವನು ಗಿರಣಿಯ ಹಿಂದಿನ ಕಟ್ಟೆಯಲ್ಲಿ ಕೂತು ಫೋನನ್ನು ಎರಡೂ ಕಿವಿಗೆ ಒತ್ತಿ ಒತ್ತಿ ನೋಡಿ, ಒಳಗೆ ಏನೋ ಗುದ್ದುತ್ತಿದೆ ಎಂಬಷ್ಟೇ ಗೊತ್ತಾಗಿ, "ಛಲೋ ಆಗಿದೆ" ಎಂದು ಬರೆಯುತ್ತಿದ್ದ. ಪ್ರತಿಯೊಂದಕ್ಕೂ ಅದೇ. ಒಂದು ಸಲ ಅವಳು ಕೇಳಿದಳು, ಯಾವ ಜಾಗ ಛಲೋ ಆಯ್ತು ಬಾಬಾ? ಅವನು ಬಹಳ ಹೊತ್ತು ಬೆವರಿ, "ಎಲ್ಲಾನೂ" ಎಂದು ಕಳಿಸಿದ. ಅದಾದ ಮೇಲೆ ಹಾಡುಗಳು ಚಂಪಾಳ ಫೋನಿಗೆ ಮಾತ್ರ ಬರತೊಡಗಿದವು. ಇವತ್ತಿನ ಕಾರ್ಯಕ್ರಮದ ಸುದ್ದಿಯೂ ಅವಳ ಮೂಲಕವೇ ಬಂತು. "ಬಾಬಾ ಬಂದ್ರೂ ಅಡ್ಡಿಲ್ಲ, ಬರದಿದ್ರೂ ಅಡ್ಡಿಲ್ಲ," ಎಂದಿದ್ದಳಂತೆ ಮಗಳು. ಈ ಎರಡು ಅಡ್ಡಿಲ್ಲಗಳಲ್ಲಿ ಯಾವುದು ನಿಜವಾದದ್ದು? ಅವನಿಗೆ ತಿಳಿಯಲಿಲ್ಲ. ಬೇಜಾರಾಯಿತು. ಅದಕ್ಕೇ ಬಂದ.

ಕಾರವಾರದ ದಂಡೆಯ ಮೈದಾನದಲ್ಲಿ ಆಗಲೇ ಜನ ಸೇರಿದ್ದರು. ಸೂರ್ಯ ಇನ್ನೂ ಮುಳುಗಿರಲಿಲ್ಲ. ವೇದಿಕೆಯ ಎರಡೂ ಬದಿಗೆ ಆಳೆತ್ತರದ ಕಪ್ಪು ಪೆಟ್ಟಿಗೆಗಳು. ಹುಡುಗರು ಹುಡುಗಿಯರು ಕೂರುವ ಯೋಚನೆಯಲ್ಲೇ ಇರಲಿಲ್ಲ, ನಿಂತೇ ಇದ್ದರು. ಹಿಂದಿನ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಅವನ ವಯಸ್ಸಿನವರು ಕೂತಿದ್ದರು, ಹೆಚ್ಚಿನವರು ಸಮುದ್ರದ ಕಡೆಗೇ ಮುಖ ಮಾಡಿ. ಅಲ್ಲಿ ಕೂರುವುದೇ ಮರ್ಯಾದೆ. ಆದರೆ ಅಲ್ಲಿಂದ ರೂಪಾಲಿಯ ತುಟಿ ಕಾಣುವುದಿಲ್ಲ. ಅವನು ಚಪ್ಪಲಿಯಲ್ಲಿ ಉಸುಕು ತುಂಬಿಕೊಳ್ಳುತ್ತ, ದಾರಿ ಬಿಡಿ ಎಂದು ಕೈಯಲ್ಲೇ ಕೇಳುತ್ತ, ಹುಡುಗರ ಮಧ್ಯೆ ನುಗ್ಗಿ ಎಡಗಡೆಯ ಪೆಟ್ಟಿಗೆಯ ಎದುರು ಹೋಗಿ ನಿಂತ. ಕೂದಲಿಗೆ ನೀಲಿ ಬಣ್ಣ ಹಚ್ಚಿದ ಒಬ್ಬ ಹುಡುಗಿ ಅವನನ್ನು ನೋಡಿ ಏನೋ ಅಂದು ತನ್ನ ಕಿವಿ ಮುಟ್ಟಿ ತೋರಿಸಿದಳು. ಇವಳಿಗೆ ಹೇಗೆ ತಿಳಿಯಿತು? ಆಮೇಲೆ ಗೊತ್ತಾಯಿತು, ಇಲ್ಲಿ ನಿಂತರೆ ಕಿವಿ ಹಾಳಾಗುತ್ತದೆ ಅನ್ನುತ್ತಿದ್ದಾಳೆ. "ಅಡ್ಡಿಲ್ಲ ಬಾಯ್," ಎಂದ, ಮಗಳನ್ನು ಕರೆಯುವ ಹಾಗೆಯೇ. ಪಾಪ, ಒಳ್ಳೇ ಹುಡುಗಿ. ಹಾಳಾಗಲಿಕ್ಕೆ ಇನ್ನೇನು ಉಳಿದಿದೆ ಅಂತ ಅವಳಿಗೆ ಹೇಳುವುದು ಹೇಗೆ.

ಅವನು ಒಮ್ಮೆ ಪರೀಕ್ಷೆ ಮಾಡಿಸಿಕೊಂಡಿದ್ದ, ಯಾರಿಗೂ ಹೇಳದೆ. ಶಾಲೆಯಲ್ಲಿ ನಡೆದ ಉಚಿತ ಶಿಬಿರ. ಕುರ್ಚಿಯಲ್ಲಿ ಕೂರಿಸಿ ಕಿವಿಗೆ ದೊಡ್ಡ ಮುಚ್ಚಳ ಹಾಕಿ, ಶಬ್ದ ಕೇಳುತ್ತಿರುವಷ್ಟು ಹೊತ್ತು ಕೈ ಎತ್ತಿ ಹಿಡಿಯಿರಿ, ನಿಂತ ಕೂಡಲೇ ಇಳಿಸಿ ಎಂದರು. ಎದುರು ಗಾಜಿನ ಕಪಾಟಿತ್ತು. ಗುಂಡಿ ತಿರುಗಿಸುವವಳ ಮಣಿಕಟ್ಟು ಗಾಜಿನಲ್ಲಿ ಚೊಕ್ಕಟವಾಗಿ ಕಾಣುತ್ತಿತ್ತು. ಮಣಿಕಟ್ಟು ಅಲ್ಲಾಡಿದಾಗ ಇವನು ಕೈ ಎತ್ತಿದ, ನಿಂತಾಗ ಇಳಿಸಿದ. ವಯಸ್ಸಿಗೆ ತಕ್ಕಂತೆ ಅಡ್ಡಿಲ್ಲ ಎಂದು ಚೀಟಿ ಕೊಟ್ಟರು. ಕಾಪಿ ಹೊಡೆದು ಪಾಸಾದವನ ಹಾಗೆ ಬೀಗುತ್ತ ಹೊರಗೆ ಬಂದು ಚಾ ಕುಡಿಯುವಾಗ, ಮೋಸ ಮಾಡಿದ್ದು ಯಾರಿಗೆ ಎಂಬ ಯೋಚನೆ ಬಂದು ಚಾ ರುಚಿಸಲಿಲ್ಲ. ಆದರೆ ಕಾರಣವಿತ್ತು. ದೇವಸ್ಥಾನದ ಭಜನಾ ಸಪ್ತಾಹದಲ್ಲಿ ಅವನದು ತಾಳದ ಪಾಳಿ, ಕಿವಿ ಮಂದವೆಂದು ತಿಳಿದರೆ ಅದು ಕೈ ಬಿಟ್ಟುಹೋಗುತ್ತಿತ್ತು. ಏಳು ದಿನ ಹಗಲು ರಾತ್ರಿ ಭಜನೆ, ಹಾಡುವವರು ಬದಲಾಗಬಹುದು, ಹಾಡು ಬದಲಾಗಬಹುದು, ತಾಳ ಮಾತ್ರ ಬೀಳಬಾರದು. ಪಾಳಿ ಬದಲಾಗುವಾಗ ಹೊಸಬ ತನ್ನ ತಾಳ ಹಿಡಿದು ಹಳಬನ ಪಕ್ಕ ನಿಂತು ಬಾರಿಸಬೇಕು, ಎರಡೂ ಒಂದಾದ ಮೇಲೆಯೇ ಹಳಬ ಕೈ ಬಿಡಬೇಕು. ದಾರ ಹರಿದು ತಾಳ ಕೈ ತಪ್ಪಿತೋ, ಹತ್ತಿರ ಯಾರಿದ್ದಾರೋ ಅವರು, ಕೈಮುಗಿಯಲು ಬಂದ ಪರವೂರಿನವರಾದರೂ ಸರಿ, ಚಪ್ಪಾಳೆ ಹೊಡೆದು ಎತ್ತಿಕೊಳ್ಳಬೇಕು. ಅಪ್ಪನಿಂದ ಅವನಿಗೆ ಬಂದದ್ದು ಇದೇ ಒಂದು ಆಸ್ತಿ. ಈಗ ಎರಡು ವರ್ಷದಿಂದ ಕಂಚಿನ ಝಣಕು ಅವನಿಗೆ ಕೇಳುತ್ತಿಲ್ಲ. ಅಂಗೈಯಲ್ಲಿ ಸಣ್ಣ ನಡುಕ ಬರುತ್ತದೆ, ಮೃದಂಗ ಕೇಳುತ್ತದೆ, ಹಾಡುವವರ ಬಾಯಿ ಕಾಣುತ್ತದೆ, ಅಷ್ಟರಲ್ಲೇ ನಡೆಸಿಕೊಂಡು ಬಂದಿದ್ದಾನೆ. ದೇವರ ಎದುರು ಕೇಳದ ತಾಳ ಬಾರಿಸುತ್ತಿದ್ದೇನೆ ಎಂದು ಒಮ್ಮೊಮ್ಮೆ ಹೆದರಿಕೆಯಾಗುತ್ತದೆ. ದೇವರಿಗೆ ಕೇಳಿದರೆ ಸಾಕಲ್ಲ ಎಂದು ತಾನೇ ಸಮಾಧಾನ ಹೇಳಿಕೊಳ್ಳುತ್ತಾನೆ.

ಮೂವರೂ ವೇದಿಕೆಗೆ ಬಂದರು. ರೂಪಾಲಿ ನಡುವೆ. ಅವಳು ಚಂಪಾಳ ಹಳೇ ಹತ್ತಿ ಸೀರೆಯನ್ನು ಕತ್ತರಿಸಿ ಅಂಗಿ ಹೊಲಿಸಿಕೊಂಡಿದ್ದಳು. ಆ ಹಸಿರು ಅಂಚು ಅವನಿಗೆ ಚೆನ್ನಾಗಿ ಗೊತ್ತು. ಅವಳು ಮೈಕಿಗೆ ಬಾಯಿ ತಂದಳು, ತುಟಿ ತೆರೆಯಿತು, ಮೈದಾನದ ಹುಡುಗರೆಲ್ಲ ಕೈ ಎತ್ತಿ ಬಾಯಿ ತೆರೆದರು. ಪುಂಡಲೀಕ ಕತ್ತು ಮುಂದೆ ಚಾಚಿ ಕಾದ. ಗಾಳಿ ಸಂದಿಯಲ್ಲಿ ಹಾದ ಹಾಗೆ ಏನೋ ಒಂದು. ಅದು ಅವಳದೋ ಯಂತ್ರದ್ದೋ ಸಮುದ್ರದ್ದೋ? ಇನ್ನಷ್ಟು ಚಾಚಿದ. ಆಗ ಸೂರಜ್ ಏನೋ ಒತ್ತಿದ, ಪೆಟ್ಟಿಗೆಯಿಂದ ಮೊದಲ ಗುದ್ದು ಬಂತು. ಅಯ್ಯಪ್ಪಾ! ಅದು ಕಿವಿಗೆ ಬರಲೇ ಇಲ್ಲ. ಅಂಗಾಲಿನಿಂದ ಹತ್ತಿ, ಮಂಡಿ ದಾಟಿ, ಹೊಟ್ಟೆಯಲ್ಲಿ ಒಂದು ಸುತ್ತು ತಿರುಗಿ ಎದೆಯಲ್ಲಿ ಕೂತಿತು. ಇಸ್ತ್ರಿ ಅಂಗಿಯ ಗುಂಡಿಗಳು ನಡುಗಿದವು. ಕಿಸೆಯಲ್ಲಿದ್ದ ಚಿಲ್ಲರೆ ನಡುಗಿತು. ಅವನು ಗಾಬರಿಯಿಂದ ಪೆಟ್ಟಿಗೆಯನ್ನು ನೋಡಿದ, ಆಮೇಲೆ ಆಸೆಯಿಂದ ನೋಡಿದ. ಎಷ್ಟು ಕಾಲವಾಗಿತ್ತು ಒಂದು ಶಬ್ದ ತಾನಾಗಿಯೇ ಅವನ ಹತ್ತಿರ ಬಂದು! ಎಲ್ಲವನ್ನೂ ಅವನೇ ಬೆನ್ನು ಹತ್ತಿ ಹೋಗಿ, ಊಹಿಸಿ, ತುಟಿಯಿಂದ ಕಿತ್ತುಕೊಂಡು ತರಬೇಕಾಗಿತ್ತು. ಇದು ಹೇಳಕೇಳದೆ ಮನೆಯೊಳಗೆ ಬಂದು ಕೂತಿತು. ಅವನಿಗೆ ಕುತೂಹಲ ಕೆರಳಿತು. ಎಡಗೈಯನ್ನು ಎದೆಯ ಮೇಲಿಟ್ಟ. ಒಂದು ದಪ್ಪ ಗುದ್ದು, ಎರಡು ಸಣ್ಣದು, ಒಂದು ಖಾಲಿ ಜಾಗ, ಮತ್ತೆ ದಪ್ಪದ್ದು. ಖಾಲಿ ಜಾಗ ಎಲ್ಲಿ ಬರುತ್ತದೆ ಎಂದು ಕಾಯುವುದೇ ಒಂದು ಸುಖ. ಸಪ್ತಾಹದ ನಡುರಾತ್ರಿಯ ಭಜನೆಗೂ ಇದೇ ಚಾಲು, ನಿದ್ದೆ ಬಾರದ ಹಾಗೆ ಖಾಲಿ ಬಿಟ್ಟು ಹೊಡೆಯುವುದು. ಇದನ್ನು ಅವಳು ಎಲ್ಲಿಂದ ತಂದಳು? ಚಿಕ್ಕವಳಿದ್ದಾಗ ಅವನ ಮಡಿಲಲ್ಲಿ ನಿದ್ದೆ ಹೋಗಿರುತ್ತಿದ್ದಳು, ತಾಳ ಅವಳ ತಲೆಯ ಮೇಲೆಯೇ ನಡೆಯುತ್ತಿತ್ತು.

ಆದರೆ ದನಿ? ಅವನು ಅದಕ್ಕಾಗಿ ಬಂದವನು. ಅವಳ ಬಾಯಿ ನೋಡಿದ. ತುಟಿ ಆಡುತ್ತಿದೆ, ಗಂಟಲ ನರ ಉಬ್ಬಿದೆ, ಕಣ್ಣು ಮುಚ್ಚಿದೆ. ಪಕ್ಕದ ನೀಲಿ ಕೂದಲಿನವಳ ಕಣ್ಣಲ್ಲಿ ನೀರಿತ್ತು. ಏನು ಹಾಡುತ್ತಿದ್ದಾಳೆ ರೂಪಾ, ಇವಳು ಅಳುವಂಥದ್ದು? ಕೇಳಿದರೆ ಈ ಹುಡುಗಿ ಹೇಳುತ್ತಿದ್ದಳೇನೋ. ಕೇಳುವುದು ಹೇಗೆ, ನನ್ನ ಮಗಳು ಏನು ಹಾಡ್ತಿದ್ದಾಳೆ ಅಂತ. ಅವನು ಅತ್ತ ತಿರುಗಿದ, ಇತ್ತ ತಿರುಗಿದ, ಬಲಗಿವಿ ಕೊಟ್ಟ, ಎಡಗಿವಿ ಕೊಟ್ಟ. ಅಂಗೈಯನ್ನು ಕಿವಿಯ ಹಿಂದೆ ಇಡಬೇಕೆನಿಸಿದರೂ ರೂಪಾಲಿ ನೋಡಿಯಾಳೆಂದು ಇಡಲಿಲ್ಲ. ಊರಿನ ಎಲ್ಲರ ಮನೆ ಮಕ್ಕಳೂ ಕೇಳುತ್ತಿದ್ದಾರೆ, ಹೆತ್ತವನಿಗೆ ಇಲ್ಲ. ಎದೆಯಲ್ಲಿ ಗುದ್ದು ನಡೆದೇ ಇತ್ತು, ಅದರ ಮೇಲೆ ಅವನ ದುಃಖವೂ ಅದೇ ಚಾಲಿನಲ್ಲಿ ನಡೆಯಿತು.

ಗುದ್ದು ಬಿರುಸಾಯಿತು. ಖಾಲಿ ಜಾಗಗಳು ತುಂಬಿಕೊಂಡವು, ದೀಪಗಳು ಬೆಳ್ಳಗೆ ಉರಿದವು, ಹುಡುಗರೆಲ್ಲ ಹಾರಲಿಕ್ಕೆ ತಯಾರಾದವರಂತೆ ಮಂಡಿ ಬಾಗಿಸಿದರು. ಮತ್ತು ನಿಂತಿತು. ಒಮ್ಮೆಗೇ. ಅಂಗಾಲಲ್ಲಿ ಇಲ್ಲ, ಹೊಟ್ಟೆಯಲ್ಲಿ ಇಲ್ಲ, ಎದೆಯಲ್ಲಿ ಇಲ್ಲ. ಹುಡುಗರು ಕೈ ಎತ್ತಿಕೊಂಡು ನಿಂತೇ ಇದ್ದಾರೆ, ದೀಪ ಆರಿದೆ, ರೂಪಾಲಿ ತಲೆ ಬಗ್ಗಿಸಿ ಅಲ್ಲಾಡದೆ ನಿಂತಿದ್ದಾಳೆ. ಯಂತ್ರ ಕೆಟ್ಟಿತು. ಮಗಳ ಯಂತ್ರ ಕೆಟ್ಟಿತು, ಇಷ್ಟು ಜನರ ಎದುರು, ತಾಳ ಬಿತ್ತು! ಯೋಚಿಸುವುದಕ್ಕೆ ಮೊದಲೇ ಅವನ ಕೈ ಎದ್ದಿತ್ತು. ಒಂದು ದಪ್ಪ, ಎರಡು ಸಣ್ಣ, ಒಂದು ಖಾಲಿ. ಹಿಟ್ಟಿನ ಮೂಟೆ ಎತ್ತಿ ಎತ್ತಿ ಮರದ ಹಲಗೆಯಂತಾದ ಅಂಗೈಗಳು. ಒಂದು ದಪ್ಪ, ಎರಡು ಸಣ್ಣ, ಒಂದು ಖಾಲಿ. ಸುತ್ತಲಿನ ಮುಖಗಳು ತಿರುಗಿದವು. ಕೆಲವರು ನಕ್ಕರು. ಒಬ್ಬ ಫೋನು ಎತ್ತಿ ಅವನತ್ತಲೇ ಹಿಡಿದ. ರೂಪಾಲಿ ತಲೆ ಎತ್ತಿ ನೇರ ಅವನನ್ನು ನೋಡಿದಳು. ಆಗ ಅವನಿಗೆ ತಿಳಿಯಿತು, ಏನೂ ಕೆಟ್ಟಿಲ್ಲ, ಇದು ಇವರೇ ಬಿಟ್ಟ ಖಾಲಿ, ದೊಡ್ಡ ಖಾಲಿ. ಆದರೆ ಎತ್ತಿಕೊಂಡ ತಾಳವನ್ನು ನಡುವೆ ಬಿಡುವುದು ಹೇಗೆ? ನಾಚಿಕೆಯಿಂದ ಕಿವಿ ಬಿಸಿಯಾಗಿ, ಬೆವರುತ್ತ, ಹೊಡೆಯುತ್ತಲೇ ನಿಂತ. ಮತ್ತೆ ದೀಪ ಹೊತ್ತಿತು, ಪೆಟ್ಟಿಗೆಯ ದಪ್ಪ ಗುದ್ದು ಅವನ ಚಪ್ಪಾಳೆಯ ಮೇಲೆಯೇ ಬಂದು ಬಿತ್ತು. ಎರಡೂ ಒಂದಾದವು. ಅವನು ಕೈ ಬಿಟ್ಟ. ಮೈದಾನವೆಲ್ಲ ಹಾರುತ್ತಿತ್ತು. ಅವನು ಮಾತ್ರ ನೆಲ ನೋಡುತ್ತ, ಬಂದ ದಾರಿಯಲ್ಲೇ ಹುಡುಗರನ್ನು ಸರಿಸಿಕೊಂಡು ಹಿಂದಿನ ಕುರ್ಚಿಗೆ ಹೋಗಿ ಕೂತ.

ಕಾರ್ಯಕ್ರಮ ಮುಗಿದ ಮೇಲೆ ಹಾಗೆಯೇ ಬಸ್ಸು ಹಿಡಿಯುವ ಎಂದಿದ್ದವನನ್ನು ಸೂರಜ್ ಓಡಿ ಬಂದು ಹಿಡಿದ. ವೇದಿಕೆಯ ಹಿಂದೆ ತಾಡಪಾಲು ಕಟ್ಟಿದ ಜಾಗ, ಒಂದು ಟ್ಯೂಬ್‌ಲೈಟು, ವಯರುಗಳ ರಾಶಿ. ರೂಪಾಲಿ ಪೆಟ್ಟಿಗೆ ಕಟ್ಟುತ್ತಿದ್ದಳು. ಅವಳು ಬೈದರೆ ಬೈಯಲಿ ಎಂದು ತಯಾರಾಗಿಯೇ ಎದುರು ಹೋಗಿ ನಿಂತ. "ಬಾಬಾ, ನೀ ಬಂದ್ಯಾ!" ಎಂದಳು, ಅದು ತುಟಿಯಲ್ಲಿ ಸ್ಪಷ್ಟವಾಗಿ ಕಂಡಿತು. ಸೂರಜ್‌ನ ದಪ್ಪ ದನಿ ಅವನಿಗೆ ಕೇಳುತ್ತದೆ: "ಕಾಕಾ, ನೀವು ಅದು ಹೆಂಗೆ ಹೊಡೆದ್ರಿ ಮಾರಾಯ್ರೆ? ನಮ್ಗೆ ಕಿವೀಲಿ ತಾಳ ಇರ್ತದೆ. ನೀವು ಏನೂ ಇಲ್ದೆ ಕರೆಕ್ಟ್ ಅದ್ರ ಮೇಲೇ ಹೊಡೆದ್ರಿ. ಕೂದ್ಲೆಳೆ ತಪ್ಪಲಿಲ್ಲ."

"ಕಿವೀಲಿ ತಾಳ ಅಂದ್ರೆ?" ಪುಂಡಲೀಕ ಕೇಳಿದ. ನಾಚಿಕೆ ಮರೆತೇಹೋಯಿತು.

ರೂಪಾಲಿ ಕುತ್ತಿಗೆಯಲ್ಲಿ ಜೋತಾಡುತ್ತಿದ್ದ, ಕಿವಿಗೆ ಸಿಕ್ಕಿಸುವ ಸಣ್ಣ ಗುಂಡನ್ನು ತೋರಿಸಿದಳು. ಅವನಿಗೆ ಮುಖ ಕಾಣುವ ಹಾಗೆಯೇ ನಿಂತಿದ್ದಳು, ಅದು ಅವಳ ಚಿಕ್ಕಂದಿನ ಅಭ್ಯಾಸ, ಗಿರಣಿಯಲ್ಲಿ ಬೆಳೆದವಳಲ್ಲವೇ. "ತಾಳ ಬಿದ್ದೇ ಇಲ್ಲಾಗಿತ್ತು ಬಾಬಾ. ನಿಮ್ಗೆಲ್ಲಾ ನಿಂತದ್ದು, ನಮ್ಗೆ ಇದ್ರೊಳಗೆ ಟಿಕ್ ಟಿಕ್ ಅಂತ ನಡೀತಾನೇ ಇರ್ತದೆ. ಒಂದು ಚಣ ಬಿಡೂದಿಲ್ಲ, ಸಪ್ತಾಹದ ಹಂಗೇ. ತಡಿ, ಕೇಳು ಬೇಕಾರೆ." ಅವಳು ಗುಂಡನ್ನು ಅವನ ಬಲಗಿವಿಗೆ ಇಟ್ಟು, ವಯರು ಹಿಡಿದು ಪೆಟ್ಟಿಗೆಯ ಕಡೆಗೆ ಬಗ್ಗಿದಳು.

ಏಳು ದಿನವೂ ಬೀಳದ ತಾಳ, ಒಬ್ಬೊಬ್ಬರ ಕಿವಿಯೊಳಗೇ. ಅವನು ಉಸಿರು ಹಿಡಿದು ಕಾದ. ಏನೂ ಇಲ್ಲ. ಟಿಕ್ ಎಂದರೆ ಸಣ್ಣ ಶಬ್ದ, ಅದು ಅವನ ಪಾಲಿಗೆ ಇಲ್ಲ, ಗೊತ್ತಿದ್ದದ್ದೇ. ಸೂರಜ್ ನಗುತ್ತ ಅವನ ಮುಖವನ್ನೇ ನೋಡುತ್ತಿದ್ದ. ಪುಂಡಲೀಕ ಗೋಣು ಹಾಕಿದ. ಬಗ್ಗಿ ನಿಂತ ರೂಪಾಲಿಯ ಕಾಲಿನ ಹೆಬ್ಬೆರಳು ನೆಲ ಕುಟ್ಟುತ್ತಿತ್ತು. ಅದನ್ನು ನೋಡಿ ತೊಡೆಯ ಮೇಲೆ ತಾಳ ಹಾಕತೊಡಗಿದ. ಹೆಬ್ಬೆರಳು ನಿಂತರೂ ಅವನು ನಡೆಸಿದ. "ಹಾಂ, ಹಾಂ," ಎಂದ, "ಛಲೋ ಕೇಳ್ತದೆ. ಒಳ್ಳೇ ಚುರುಕದೆ."

ರೂಪಾಲಿ ತಿರುಗಿದಳು. ವಯರಿನ ಇನ್ನೊಂದು ತುದಿ ಅವಳ ಕೈಯಲ್ಲೇ ಇತ್ತು.

"ಬಾಬಾ, ನಾ ಇನ್ನೂ ಹಚ್ಚಲೇ ಇಲ್ಲ."

ಅವನ ಕೈ ತೊಡೆಯ ಮೇಲೆ ಇನ್ನೊಂದು ಸಲ ಬಿದ್ದು ನಿಂತಿತು. ಸೂರಜ್ ಹೋ ಎಂದು ನಕ್ಕ; ರೂಪಾಲಿಯೂ ನಗಲಿಕ್ಕೆ ಹೊರಟಿದ್ದಳು, ಬಾಯಿ ಅರ್ಧ ತೆರೆದು ಹಾಗೆಯೇ ಉಳಿಯಿತು. ಅವಳು ಅವನ ಮುಖ ನೋಡುತ್ತ ವಯರನ್ನು ಸಿಕ್ಕಿಸಿದಳು, ಏನೋ ಒತ್ತಿದಳು, ಕಾಲು ಕೈ ಎರಡನ್ನೂ ಅಲ್ಲಾಡಿಸದೆ ನಿಂತಳು. "ಈಗ?" ಎಂದಳು. ಅವನು ಅವಳ ಹೆಬ್ಬೆರಳು ನೋಡಿದ, ಕೈ ನೋಡಿದ, ಸೂರಜ್‌ನ ಕಡೆಗೂ ನೋಡಿದ. ಎಲ್ಲೂ ಏನೂ ಸಿಗಲಿಲ್ಲ. ಸೂರಜ್ ನಗು ನಿಲ್ಲಿಸಿ, ಚಾ ತರುತ್ತೇನೆ ಎಂಬಂತೆ ಕೈ ಮಾಡಿ ಹೊರಗೆ ಹೋದ. ಒಳ್ಳೇ ಹುಡುಗ.

"ಇಲ್ಲ," ಎಂದ ಪುಂಡಲೀಕ. "ಕೇಳೂದಿಲ್ಲ."

"ಹಾಡು?"

"ಗುದ್ದು ಪೂರಾ ಬಂತು. ಎದೆಗೇ ಬಂತು, ದೇವರಾಣೆ. ನಿನ್ನ ದನಿ ಬರ್ಲಿಲ್ಲ ಬಾಯ್."

"ಫೋನಿಗೆ ಕಳಿಸಿದ್ದು?"

ಅವನು ತಲೆ ಅಲ್ಲಾಡಿಸಿದ.

"ಒಂದೂ ಕೇಳ್ಳಿಲ್ವಾ? ಮತ್ತೆ ಎಲ್ಲದಕ್ಕೂ ಛಲೋ ಆಗಿದೆ ಅಂತ ಬರ್ಯೂದು ಎಂತಕ್ಕೆ?" ಅವಳ ಮುಖ ಕೆಂಪಗಾಗಿತ್ತು, ಕಣ್ಣು ತುಂಬಿತ್ತು. "ನಾ ತಿಳ್ಕೊಂಡದ್ದು ನಿಂಗೆ ಸೇರೂದೇ ಇಲ್ಲ ಅಂತ. ಕೇಳೂಕೂ ಮನ್ಸಿಲ್ಲ, ಸುಮ್ನೆ ಬಾಯಿ ಮುಚ್ಚಿಸೂಕೆ ಬರೀತೀ ಅಂತ. ಎರಡು ವರ್ಷ ಬಾಬಾ! ನಾ ಪ್ರತಿ ಹಾಡು ಮಾಡುವಾಗೂ ನಿಂಗೆ ಸೇರೂದಿಲ್ಲ, ಸೇರೂದಿಲ್ಲ ಅಂತ..." ಆಮೇಲಿನದು ತುಟಿ ನಡುಗಿದ್ದರಿಂದ ಅವನಿಗೆ ಸಿಗಲಿಲ್ಲ. ಸಿಗದಿದ್ದರೂ ತಿಳಿಯಿತು. ತಾಳದ ಪಾಳಿ ಹೋಗುತ್ತದೆ ಅಂತ ಹೆದರಿ ಮುಚ್ಚಿಟ್ಟದ್ದು, ಹೋಗಿ ಇವಳಿಗೆ ತಗುಲಿತ್ತಲ್ಲ. ಅವನಿಗೆ ಅಳು ಬಂತು. ಅವನು ಅಳುವುದನ್ನು ನೋಡಿ ಅವಳು ತನ್ನ ಕಣ್ಣನ್ನು ತೋಳಿನಿಂದ ಒರೆಸಿಕೊಂಡಳು, ಆ ಹಸಿರು ಅಂಚಿನಿಂದಲೇ.

"ಎಲ್ಲೀವರೆಗೆ ಕೇಳ್ತದೆ?" ಎಂದು ಕೇಳಿದಳು. ಅವಳ ಮುಖದಲ್ಲಿ ಈಗ ಸಿಟ್ಟಿರಲಿಲ್ಲ, ಹೊಸ ಯಂತ್ರ ಕಂಡಾಗಿನ ಕುತೂಹಲವಿತ್ತು, ಅದು ಅವನದೇ ಮುಖ. ಕಟ್ಟಿದ ಪೆಟ್ಟಿಗೆಯನ್ನು ಬಿಚ್ಚಿದಳು. ದೊಡ್ಡ ಮುಚ್ಚಳಗಳ ಜೋಡಿಯೊಂದನ್ನು ತೆಗೆದು ಅವನ ಎರಡೂ ಕಿವಿಗೆ ಹಾಕಿದಳು. "ದಪ್ಪದಿಂದ ಶುರು ಮಾಡ್ತೆ. ಮೇಲೆ ಮೇಲೆ ಒಯ್ತೆ. ಎಲ್ಲಿ ನಿಂತೋತದೆ, ಅಲ್ಲಿ ಕೈ ಎತ್ತು."

ಒಂದು ಗುಂಡಿಯ ಮೇಲೆ ಅವಳ ಬೆರಳಿತ್ತು. ಟ್ಯೂಬ್‌ಲೈಟಿನ ಬೆಳಕಿನಲ್ಲಿ ಮಣಿಕಟ್ಟು ಚೊಕ್ಕಟವಾಗಿ ಕಾಣುತ್ತಿತ್ತು. ಅವನು ಅದನ್ನು ನೋಡಿದ, ಮತ್ತೆ ಕಣ್ಣು ಮುಚ್ಚಿಕೊಂಡ.

ಶಬ್ದ ಬಂತು. ದೂರದ ದೋಣಿಯ ಇಂಜಿನ್ನಿನಷ್ಟು ದಪ್ಪ. ಅದು ಮೇಲೇರತೊಡಗಿತು, ಗಿರಣಿಯ ಪಟ್ಟಾ, ಗಂಡಸಿನ ಗಂಟಲು, ಶಂಖ. ಎಷ್ಟು ಚಂದ! ಅವನು ಅದರ ಹಿಂದೆಯೇ ಹೋದ. ಏರುತ್ತಾ ತೆಳ್ಳಗಾಯಿತು, ಚಂಪಾ ಸಿಟ್ಟಿನಲ್ಲಿ ಕರೆದಷ್ಟು, ಇನ್ನೂ ತೆಳ್ಳಗಾಯಿತು, ದಾರವಾಯಿತು, ದಾರದ ಎಳೆಯಾಯಿತು. ಅವನು ಆ ಎಳೆಯನ್ನು ಹಿಡಿದುಕೊಂಡೇ ಇದ್ದ. ಇನ್ನೊಂಚೂರು, ರೂಪಾಲಿಯ ದನಿಯವರೆಗೆ ಹೋದರೆ ಸಾಕು. ಎಳೆ ಇತ್ತು. ಇತ್ತೇ? ಇಲ್ಲ. ಅದು ಹೋಗಿಯಾಗಿತ್ತು, ಅವನೇ ಮನಸ್ಸಿನಲ್ಲಿ ನಡೆಸುತ್ತಿದ್ದ, ಯಾವತ್ತಿನ ಹಾಗೆ. ಇನ್ನೂ ಎಷ್ಟು ಹೊತ್ತು ಬೇಕಾದರೂ ನಡೆಸಬಲ್ಲ, ತಪ್ಪದ ಹಾಗೆ, ಯಾರಿಗೂ ಗೊತ್ತಾಗದ ಹಾಗೆ.

ಪುಂಡಲೀಕ ಕೈ ಎತ್ತಿದ.